ಕತ್ತಣ್ಣ ಇನ್ನೂ ದಾರಿಯಲ್ಲಿದ್ದಾನೆ

ಆ ಬಟ್ಟೆಯ ಗೊಂಬೆಯನ್ನು ಹೊಲಿದವರು ಕುದುರೆ ಅಂತಲೇ ಹೊಲಿದಿರಬೇಕು. ಕತ್ತಿನ ಮೇಲೆ ಉಣ್ಣೆಯ ಜೂಲು ಇತ್ತು. ಬೆನ್ನಿಗೆ ಜೀನು ಅಂತ ಕೆಂಪು ಬಟ್ಟೆಯ ಒಂದು ತುಂಡು ಇತ್ತು. ಆದರೆ ಕಿವಿ ಕುದುರೆಗೆ ಇರಬೇಕಾದ್ದಕ್ಕಿಂತ ಉದ್ದ, ಮುಖದಲ್ಲೂ ಒಂಥರಾ ಬೇಸರ. ಎರಡು ವರ್ಷದ ನನ್ನ ಮಗಳು ನೋಡಿದ ಕೂಡಲೇ "ಕತ್ತೆ" ಅಂದಳು. "ಅಲ್ಲ ಪುಟ್ಟಿ, ಇದು ಕುದುರೆ. ಇಲ್ನೋಡು, ಜೂಲು" ಅಂದೆ. ಜೂಲು ನೋಡಿದಳು. "ಕತ್ತೆ" ಅಂದಳು. ಅಲ್ಲಿಗೆ ಚರ್ಚೆ ಮುಗಿಯಿತು. ಕೆಲವು ವಾರಗಳಲ್ಲಿ ಗೌರವ ಸೇರಿಕೊಂಡು ಕತ್ತೆಯಣ್ಣ ಆಯಿತು. ಅದೂ ಬಾಯಲ್ಲಿ ಸವೆದು ಕತ್ತಣ್ಣ ಆಯಿತು. 'ಅದು' ಹೋಗಿ 'ಅವನು' ಬಂದದ್ದು ಯಾವಾಗ ಅಂತ ನೆನಪಿಲ್ಲ. ನಾವೂ ಹಾಗೇ ಕರೆಯತೊಡಗಿದ್ದೆವು.

ಕತ್ತಣ್ಣನ ಬಲಗಿವಿ ಯಾವಾಗಲೂ ಒದ್ದೆ. ನಿದ್ದೆ ಬರುವ ಮೊದಲು ಅವಳು ಅದನ್ನು ಚೀಪುತ್ತಿದ್ದಳು. ಹೊಟ್ಟೆಯೊಳಗಿನ ಹತ್ತಿ ಒಂದು ಕಡೆ ಸೇರಿಕೊಂಡು ಇನ್ನೊಂದು ಕಡೆ ಜೋತುಬಿದ್ದಿತ್ತು. ವಾಸನೆಯ ವಿಷಯ ಹೇಳದಿರುವುದೇ ಒಳ್ಳೆಯದು. ನನ್ನ ಹೆಂಡತಿ ಒಂದು ಸಲ ಅವನನ್ನು ಒಗೆದು ಬಿಸಿಲಿಗೆ ಹಾಕಿದ್ದಕ್ಕೆ ಮನೆಯಲ್ಲಿ ಎರಡು ರಾತ್ರಿ ಯಾರಿಗೂ ನಿದ್ದೆಯಿಲ್ಲ. ಒಣಗಿ ಒಳಗೆ ಬಂದವನನ್ನು ಮೂಸಿ ನೋಡಿದ ಮಗಳು "ಇವನು ಅವನಲ್ಲ" ಅಂದಿದ್ದಳು.

ಬ್ರಿಟನ್ನಿನ ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನ್ನಿಕಾಟ್ ಅವರು 1951ರಲ್ಲಿ ಓದಿದ ಒಂದು ಪ್ರಬಂಧದಲ್ಲಿ ಇದೇ ಮಾತು ಬರುತ್ತದೆ. ನನಗೆ ಗೊತ್ತಾದದ್ದು ತುಂಬ ತಡವಾಗಿ. ಮಗು ಹಚ್ಚಿಕೊಂಡ ಬಟ್ಟೆಯನ್ನೋ ಗೊಂಬೆಯನ್ನೋ ತಾಯಿ ಕೊಳೆಯಾಗಲು ಬಿಡುತ್ತಾಳೆ, ನಾರಿದರೂ ಸುಮ್ಮನಿರುತ್ತಾಳೆ. ಒಗೆದರೆ ಮಗುವಿಗೆ ಏನೋ ಒಂದು ಎಳೆ ಕಡಿದುಹೋಗುತ್ತದೆ ಅಂತ ಅವಳಿಗೆ ಗೊತ್ತಿರುತ್ತದೆ ಅನ್ನುತ್ತಾರೆ ಅವರು. ಹೆಂಡತಿಗೆ ಓದಿ ಹೇಳಿದೆ. "ಅವರು ಕತ್ತಣ್ಣನ ಕಿವಿ ಮೂಸಿರಲಿಕ್ಕಿಲ್ಲ ಬಿಡಿ" ಅಂದಳು.

ಮಗಳಿಗೆ ನಾಲ್ಕು ತುಂಬಿ ಕೆಲವು ತಿಂಗಳಾಗಿದ್ದಾಗ ಕತ್ತಣ್ಣ ಬಸ್ಸಿನಲ್ಲೇ ಉಳಿದ. ತಪ್ಪು ನನ್ನದೇ. ನಿದ್ದೆ ಹೋದ ಮಗಳು ಒಂದು ಹೆಗಲಿಗೆ, ಚೀಲ ಇನ್ನೊಂದು ಹೆಗಲಿಗೆ, ಹೊರಗೆ ಮಳೆ, ಹಿಂದಿನಿಂದ "ಬೇಗ ಇಳೀರಿ" ಅನ್ನುವ ಜನ. ಬಸ್ಸು ತಿರುವು ದಾಟಿದ ಮೇಲೆ ಏನೋ ಕಡಿಮೆ ಅನ್ನಿಸಿತು. ಏನು ಅಂತ ಹೊಳೆಯುವಷ್ಟರಲ್ಲಿ ಹಿಂದಿನ ಕೆಂಪು ದೀಪವೂ ಕಾಣಲಿಲ್ಲ. ಮರುದಿನ ಹೋಗಿ ವಿಚಾರಿಸಿದೆ. ಪ್ರಯಾಣಿಕರು ಮರೆತ ವಸ್ತುಗಳನ್ನಿಡುವ ಕಪಾಟು ತೆರೆದು ತೋರಿಸಿದರು. ಕೊಡೆಗಳ ಒಂದು ರಾಶಿ, ಎರಡು ಕನ್ನಡಕ, ಒಂದು ಊರುಗೋಲು. ಊರುಗೋಲು ಬಿಟ್ಟವರು ಹೇಗೆ ಇಳಿದು ಹೋದರು ಅಂತ ಈಗಲೂ ಯೋಚನೆ ಬರುತ್ತದೆ. ಕತ್ತೆ ಇರಲಿಲ್ಲ.

ಆ ರಾತ್ರಿ ನಾನು ಆಡಿದ ಮೊದಲ ಮಾತೇ ತಪ್ಪಾಯಿತು. "ಇಂಥದ್ದೇ ಇನ್ನೊಂದು ತರೋಣ."

ಅವಳು ನನ್ನನ್ನು ನೋಡಿದ ರೀತಿ ಇನ್ನೂ ಮರೆತಿಲ್ಲ. ಅಮ್ಮ ಕಳೆದುಹೋದರೆ ಇಂಥದ್ದೇ ಇನ್ನೊಂದು ತರೋಣ ಅಂದಿದ್ದರೆ ಹೇಗೆ ನೋಡುತ್ತಿದ್ದಳೋ ಹಾಗೆ. ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ದೀಪ ಮಿನುಗುವ ಎರಡು ಪೆಟ್ಟಿಗೆ ತೋರಿಸಿ, ಒಂದರಲ್ಲಿ ವಸ್ತು ಇಟ್ಟರೆ ಇನ್ನೊಂದರಲ್ಲಿ ಅದರ ಪಡಿಯಚ್ಚು ಬರುತ್ತದೆ ಅಂತ ನಂಬಿಸಿದರು. ಬೇರೆ ಯಾವುದೋ ಆಟದ ಸಾಮಾನಾದರೆ ಮಕ್ಕಳಿಗೆ ನಕಲು ಪಡೆಯಲು ತಕರಾರಿಲ್ಲ. ಆದರೆ ತಾವು ಪಕ್ಕದಲ್ಲಿಟ್ಟುಕೊಂಡು ಮಲಗುವ ಗೊಂಬೆಯ ಮಾತು ಬಂದಾಗ ಕೆಲವರು ಅದನ್ನು ಪೆಟ್ಟಿಗೆಯೊಳಗೆ ಇಡಲೂ ಬಿಡಲಿಲ್ಲ. ಇಡಲು ಬಿಟ್ಟವರಲ್ಲೂ ಹೆಚ್ಚಿನವರು ತಮ್ಮ ಹಳೆಯದೇ ಬೇಕು ಅಂದರು. ನಾನು ಬಾಯಿ ತೆರೆಯುವ ಮೊದಲೇ ಇದನ್ನು ಓದಿರಬೇಕಿತ್ತು.

ದೀಪ ಆರಿಸಿದ ಮೇಲೆ ಕತ್ತಲಲ್ಲಿ ಕೇಳಿದಳು. "ಅಪ್ಪಾ, ಅವನು ಈಗ ಎಲ್ಲಿ ಮಲ್ಕೊಂಡಿದಾನೆ?"

ಯಾವಾಗ ಬರುತ್ತಾನೆ ಅಂತಲ್ಲ, ಎಲ್ಲಿದ್ದಾನೆ ಅಂತ. ಬಸ್ಸು ರಾತ್ರಿ ಎಲ್ಲಿ ನಿಲ್ಲುತ್ತದೆ, ಒಳಗೆ ದೀಪ ಇರುತ್ತದಾ, ಕಿಟಕಿ ಮುಚ್ಚಿರುತ್ತಾರಾ, ಚಳಿ ಆಗುತ್ತದಾ ಅಂತ ಒಂದರ ಹಿಂದೊಂದು ಪ್ರಶ್ನೆ. ನನಗೆ ಗೊತ್ತಿದ್ದದ್ದು ಹೇಳಿದೆ, ಗೊತ್ತಿಲ್ಲದ್ದನ್ನು ಕಟ್ಟಿದೆ. ಬಸ್ಸುಗಳೆಲ್ಲ ಒಂದರ ಪಕ್ಕ ಒಂದು ನಿಲ್ಲುತ್ತವೆ. ಕಾವಲುಗಾರ ಟಾರ್ಚು ಹಿಡಿದು ಸುತ್ತುತ್ತಾನೆ. ಸೀಟಿನ ಕೆಳಗೆ ಮಳೆನೀರು ಬರುವುದಿಲ್ಲ. ಅಷ್ಟಕ್ಕೆ ಅವಳಿಗೆ ನಿದ್ದೆ ಬಂತು. ನನಗೆ ಬರಲಿಲ್ಲ.

ಆಗ ನೆನಪಾದದ್ದು ಜರ್ಮನ್ ಭಾಷೆಯ ಕಥೆಗಾರ ಕಾಫ್ಕಾ. 1923ರಲ್ಲಿ, ಅಂದರೆ ತೀರಿಕೊಳ್ಳುವ ಹಿಂದಿನ ವರ್ಷ, ಆತ ಬರ್ಲಿನ್ನಿನ ಸ್ಟೆಗ್ಲಿಟ್ಸ್‌ನಲ್ಲಿ ತನ್ನ ಸಂಗಾತಿ ಡೋರಾ ಡಿಯಮಾಂಟ್ ಜೊತೆ ಇದ್ದ. ಅಲ್ಲಿನ ಪಾರ್ಕಿನಲ್ಲಿ ಒಬ್ಬ ಪುಟ್ಟ ಹುಡುಗಿ ಗೊಂಬೆ ಕಳೆದುಕೊಂಡು ಅಳುತ್ತಿದ್ದಳು. "ನಿನ್ನ ಗೊಂಬೆ ಕಳೆದಿಲ್ಲ, ಪ್ರವಾಸ ಹೋಗಿದೆ. ನನಗೆ ಕಾಗದ ಬರೆದಿದೆ" ಅಂದನಂತೆ. ಕಾಗದ ಎಲ್ಲಿ ಅಂತ ಹುಡುಗಿ ಕೇಳಿದಳು. ಮನೆಯಲ್ಲಿದೆ, ನಾಳೆ ತರುತ್ತೇನೆ ಅಂದ. ಮನೆಗೆ ಹೋಗಿ ಬರೆಯಲು ಕೂತ. ಸುಮಾರು ಮೂರು ವಾರ ಗೊಂಬೆಯ ಹೆಸರಲ್ಲಿ ಕಾಗದ ಬರೆದ, ಹುಡುಗಿಗೆ ಓದಿ ಹೇಳಿದ. ಇದೆಲ್ಲ ನಮಗೆ ಗೊತ್ತಿರುವುದು ಡೋರಾ ನೆನಪಿಸಿಕೊಂಡು ಹೇಳಿದ್ದರಿಂದ. ಆ ಕಾಗದಗಳಂತೂ ಇದುವರೆಗೆ ಸಿಕ್ಕಿಲ್ಲ. ತನ್ನ ಕಥೆ ಬರೆಯುವಾಗ ಹೇಗೆ ಬಿಗಿಯಾಗಿ ಕೂರುತ್ತಿದ್ದನೋ ಈ ಕಾಗದಕ್ಕೂ ಹಾಗೇ ಕೂರುತ್ತಿದ್ದ ಅನ್ನುತ್ತಾಳೆ ಡೋರಾ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಮಗುವಿಗೆ ಹೇಳುವ ಸುಳ್ಳು ಅಂತ ಆತ ಸಡಿಲ ಬಿಡಲಿಲ್ಲ.

ಕೊನೆಗೆ ಗೊಂಬೆಗೆ ಮದುವೆ ಮಾಡಿಸಿಬಿಟ್ಟ. ಇನ್ನು ತಿರುಗಿ ಬರಲು ಆಗುವುದಿಲ್ಲ ಅಂತ ಹುಡುಗಿಗೂ ಅರ್ಥವಾಯಿತು. ಈ ಕಥೆಗೆ ಆಮೇಲೆ ಯಾರ್ಯಾರೋ ಚಂದದ ಕೊನೆಗಳನ್ನು, ಗೋಡೆಗೆ ಬರೆಸಿ ಹಾಕುವಂಥ ವಾಕ್ಯಗಳನ್ನು ಸೇರಿಸಿದ್ದಾರೆ. ನನಗೆ ಮದುವೆಯೇ ಸಾಕು.

ನನ್ನ ಮಗಳಿಗೆ ಇನ್ನೂ ಓದಲು ಬರುತ್ತಿರಲಿಲ್ಲ. ಕಾಗದ ನಾನು ಓದಿದರೆ ನನ್ನ ಮಾತು ಅಂತ ಅವಳಿಗೆ ಗೊತ್ತಾಗುತ್ತಿತ್ತು. ಅವಳು ನಂಬುತ್ತಿದ್ದದ್ದು ಚಿತ್ರವನ್ನು. ಹಾಗಾಗಿ ಚಿತ್ರಪುಸ್ತಕ ಮಾಡಲು ಹೊರಟೆ. ನನಗೆ ಚಿತ್ರ ಬರೆಯಲು ಬರುವುದಿಲ್ಲ ಅನ್ನುವುದು ಆಗ ದೊಡ್ಡ ಅಡ್ಡಿಯಾಗಿ ಕಾಣಲಿಲ್ಲ. ಹೊಲಿದವರಿಗೇ ಕುದುರೆ ಬಂದಿರಲಿಲ್ಲವಲ್ಲ.

ಎಂಟು ಹಾಳೆ ಒಂದರ ಮೇಲೊಂದು ಇಟ್ಟು, ನಡುವೆ ಮಡಚಿ, ಬೆನ್ನಿಗೆ ದಾರ ಹಾಕಿ ಹೊಲಿದರೆ 32 ಪುಟ. ಅಚ್ಚಾಗಿ ಬರುವ ಚಿತ್ರಪುಸ್ತಕಗಳೂ ಹೆಚ್ಚಾಗಿ 32 ಪುಟವೇ ಇರುತ್ತವೆ. ಅದೇನು ಕಥೆಯ ಅಳತೆಯಲ್ಲ, ಕಾಗದದ ಅಳತೆ. ದೊಡ್ಡ ಹಾಳೆಯ ಮೇಲೆ ಅಚ್ಚು ಹಾಕಿ ಮತ್ತೆ ಮತ್ತೆ ಮಡಚಿದರೆ ಪುಟಗಳು 8, 16, 32 ಅಂತಲೇ ಏಳುತ್ತವೆ. ಶೀರ್ಷಿಕೆಗೆ, ಅರ್ಪಣೆಗೆ ಒಂದಿಷ್ಟು ಕಳೆದರೆ ಕಥೆಗೆ ಉಳಿಯುವುದು ಅಕ್ಕಪಕ್ಕದ ಎರಡು ಪುಟಗಳ 12 ರಿಂದ 14 ಜೋಡಿ. ಅಷ್ಟರಲ್ಲಿ ಗೊಂಬೆ ಕಳೆಯಬೇಕು, ಸುತ್ತಬೇಕು, ಏನಾದರೂ ಆಗಬೇಕು. ಮೊದಲ ಸಲ ನಾನು ಕಳೆಯುವುದಕ್ಕೇ ಆರು ಜೋಡಿ ಮುಗಿಸಿದ್ದೆ. ಮಳೆ, ಚೀಲ, ಕೊಡೆ, ನೂಕುನುಗ್ಗಲು ಎಲ್ಲ ಬರೆದಿದ್ದೆ. ಅದು ಕತ್ತಣ್ಣನ ಕಥೆಯಲ್ಲ, ನನ್ನ ತಪ್ಪೊಪ್ಪಿಗೆ ಅಂತ ಹೆಂಡತಿ ಹೇಳಿದಳು. ಕಿತ್ತು ಹಾಕಿದೆ.

ಎರಡನೆಯದು ನನ್ನ ಪ್ರಕಾರ ಬಹಳ ಚೆನ್ನಾಗಿತ್ತು. ಗೊಂಬೆ ಕಳೆದ ಪುಟದಿಂದ ಆಚೆಗೆ ಗೊಂಬೆಯನ್ನು ತೋರಿಸಲೇ ಇಲ್ಲ. ಹುಡುಗಿ ಹುಡುಕುತ್ತಾಳೆ, ಪುಟದಿಂದ ಪುಟಕ್ಕೆ ಖಾಲಿ ಜಾಗಗಳು. ಖಾಲಿ ಸೀಟು, ಖಾಲಿ ಬೆಂಚು, ಖಾಲಿ ದಿಂಬಿನ ಪಕ್ಕ. ದೊಡ್ಡವರು ಮೆಚ್ಚುವ ಪುಸ್ತಕ ಅದು. ಮಗಳು ಮುಂದೆ ತಿರುಗಿಸಿದಳು, ಹಿಂದೆ ತಿರುಗಿಸಿದಳು, ಪುಸ್ತಕ ಬುಡಮೇಲು ಮಾಡಿ ಅಲ್ಲಾಡಿಸಿದಳು.

"ಕತ್ತಣ್ಣ ಎಲ್ಲಿ?"

"ಅದೇ ಕಥೆ ಪುಟ್ಟಿ. ಅವನು ಕಳೆದುಹೋಗಿದಾನೆ."

"ಆ ಹುಡುಗಿಗೆ ಕಳೆದಿದಾನೆ. ನಂಗೆ ಯಾಕೆ?"

ಚಿತ್ರಪುಸ್ತಕದ ಬಗ್ಗೆ ಆಮೇಲೆ ನಾನು ಎಷ್ಟೋ ಓದಿದೆ. ಇಷ್ಟು ನೇರವಾಗಿ ಯಾರೂ ಹೇಳಿದ್ದು ನೋಡಲಿಲ್ಲ. ಗೊಂಬೆ ಕಳೆಯಬೇಕಾದದ್ದು ಕಥೆಯೊಳಗಿನ ಹುಡುಗಿಗೆ. ಪುಸ್ತಕ ಹಿಡಿದು ಕೂತವಳಿಗೆ ಒಂದು ಪುಟದಲ್ಲೂ ಕಳೆಯಬಾರದು. ಅಕ್ಷರ "ಎಲ್ಲೂ ಇಲ್ಲ" ಅನ್ನಬೇಕು. ಚಿತ್ರದಲ್ಲಿ, ಅದೇ ಪುಟದ ಮೂಲೆಯಲ್ಲಿ, ಬುಟ್ಟಿಯ ಹಿಂದಿನಿಂದ ಬಾಲ ಕಾಣಬೇಕು. ಓದಿ ಹೇಳುವವನು ಅಕ್ಷರ ನೋಡುತ್ತಾನೆ, ಕೇಳುವವಳು ಚಿತ್ರ ನೋಡುತ್ತಾಳೆ. ಮನೆಯಲ್ಲಿ ಎಲ್ಲ ವಿಷಯವೂ ದೊಡ್ಡವರಿಗೇ ಮೊದಲು ಗೊತ್ತಿರುತ್ತದೆ ಅಲ್ವಾ? ಇಲ್ಲಿ ಮಾತ್ರ ಅವಳಿಗೆ ಮೊದಲು ಗೊತ್ತು. ಮೂರನೆಯ ಸಲ ಹಾಗೆ ಬರೆದೆ. "ಸೀಟಿನ ಕೆಳಗೆ ಯಾರೂ ಇರಲಿಲ್ಲ" ಅಂತ ಓದಿದ ಕೂಡಲೇ "ಇದಾನೆ! ಇಲ್ಲೇ ಇದಾನೆ! ನಿಂಗೆ ಕಾಣ್ಸಲ್ವಾ?" ಅಂತ ಕಿರುಚಿದಳು. ಹಾಳೆಯ ಮೇಲೆ ಬೆರಳು ಒತ್ತಿದ ಗುರುತು ಈಗಲೂ ಇದೆ. ಕತ್ತಣ್ಣ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ಫ್ರಾಯ್ಡ್ 1920ರಲ್ಲಿ ಬರೆದ ಒಂದು ಪ್ರಸಂಗ ಇದಕ್ಕೆ ಹತ್ತಿರದ್ದು. ಒಂದೂವರೆ ವರ್ಷದ ಅವನ ಮೊಮ್ಮಗ ದಾರ ಕಟ್ಟಿದ ಮರದ ಉರುಳೆಯನ್ನು ಪರದೆ ಹಾಕಿದ ಮಂಚದಾಚೆಗೆ ಎಸೆದು "ಓ..." ಅನ್ನುತ್ತಿದ್ದ. ಹೋಯಿತು ಅಂತ ಅರ್ಥ. ಆಮೇಲೆ ದಾರ ಎಳೆದು, ಉರುಳೆ ಕಂಡ ಕೂಡಲೇ ಖುಷಿಯಿಂದ "ದಾ" ಅನ್ನುತ್ತಿದ್ದ. ಇಗೋ ಬಂತು. ಅಮ್ಮ ಹೊರಗೆ ಹೋಗುವುದನ್ನು ಹುಡುಗ ಹೀಗೆ ತನ್ನ ಕೈಗೆ ತಂದುಕೊಳ್ಳುತ್ತಿದ್ದಾನೆ ಅಂತ ಫ್ರಾಯ್ಡ್ ಲೆಕ್ಕ ಹಾಕಿದ. ಅವನ ಲೆಕ್ಕಗಳಲ್ಲಿ ನನಗೆ ಎಲ್ಲವೂ ಒಪ್ಪಿಗೆಯಲ್ಲ. ಆದರೆ ಅವನು ಗಮನಿಸಿದ ಇನ್ನೊಂದು ಸಣ್ಣ ಸಂಗತಿ ಇದೆ. ಎಸೆಯುವ ಅರ್ಧವನ್ನೇ ಹುಡುಗ ಜಾಸ್ತಿ ಸಲ ಆಡುತ್ತಿದ್ದನಂತೆ. ಮಗಳೂ ಹಾಗೇ. ನಮ್ಮ ಪುಸ್ತಕದಲ್ಲಿ ಅವಳು ಮತ್ತೆ ಮತ್ತೆ ತಿರುಗಿಸಿದ್ದು ಕತ್ತಣ್ಣ ಸೀಟಿನಿಂದ ಜಾರಿ ಬೀಳುವ ಪುಟವನ್ನು. ನನಗೆ ನೋಡಲಾಗುತ್ತಿರಲಿಲ್ಲ. ಅವಳು "ಇನ್ನೊಂದ್ಸಲ" ಅನ್ನುತ್ತಿದ್ದಳು.

ಆಮೇಲೆ ಎದುರಾದದ್ದು ಕತ್ತಣ್ಣ ನಡೆಯುತ್ತಾನಾ ಅನ್ನುವ ಪ್ರಶ್ನೆ. ಸುಮ್ನೆ ಕೇಳಿದ ಹಾಗೆ ಕಾಣುತ್ತದೆ, ಆದರೆ ಇದರ ಮೇಲೆ ಇಡೀ ಪುಸ್ತಕ ನಿಂತಿದೆ. ನಡೆಯುತ್ತಾನೆ ಅಂದರೆ ಅವನು ಮನೆಗೆ ಯಾಕೆ ಬರಲಿಲ್ಲ ಅನ್ನುವುದಕ್ಕೆ ಉತ್ತರ ಕೊಡಬೇಕು. ನಡೆಯುವುದಿಲ್ಲ ಅಂದರೆ ಅವನನ್ನು ಯಾರಾದರೂ ಹೊತ್ತುಕೊಂಡೇ ಹೋಗಬೇಕು. ಗಾಳಿ, ನೀರು, ನಾಯಿ, ಕಸದ ಗಾಡಿ. ಡೆನ್ಮಾರ್ಕಿನ ಕಥೆಗಾರ ಆಂಡರ್ಸನ್ 1838ರಲ್ಲಿ ಬರೆದ ಒಂಟಿಕಾಲಿನ ತವರದ ಸಿಪಾಯಿ ಇಡೀ ಕಥೆಯಲ್ಲಿ ತಾನಾಗಿ ಒಂದು ಹೆಜ್ಜೆ ಇಡುವುದಿಲ್ಲ. ಕಿಟಕಿಯಿಂದ ಬೀಳುತ್ತಾನೆ, ಹುಡುಗರು ಕಾಗದದ ದೋಣಿಯಲ್ಲಿ ಕೂರಿಸಿ ಚರಂಡಿಗೆ ಬಿಡುತ್ತಾರೆ, ಇಲಿಯೊಂದು ಪಾಸ್‌ಪೋರ್ಟ್ ಕೇಳುತ್ತದೆ, ಮೀನು ನುಂಗುತ್ತದೆ, ಆ ಮೀನು ಅದೇ ಮನೆಯ ಅಡುಗೆಮನೆಗೆ ಬರುತ್ತದೆ. ಅಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು. ಆಂಡರ್ಸನ್ ನಿಲ್ಲಿಸುವುದಿಲ್ಲ, ಅವನನ್ನು ಒಲೆಗೆ ಹಾಕಿಸುತ್ತಾನೆ. ಕೊನೆಗೆ ಬೂದಿಯಲ್ಲಿ ಸಿಗುವುದು ಹೃದಯದ ಆಕಾರದ ತವರದ ಚೂರು. ಮಲಗುವ ಮುಂಚೆ ಇದನ್ನು ಮಗುವಿಗೆ ಓದಿ ಹೇಳುವ ಧೈರ್ಯ ನನಗಿಲ್ಲ. ನಾನು ಮೀನಿನವರೆಗೆ ಹೇಳಿ ಪುಸ್ತಕ ಮುಚ್ಚಿದ್ದೇನೆ.

ಮಗಳನ್ನೇ ಕೇಳಿದೆ. ತಕ್ಷಣ ತೀರ್ಪು ಬಂತು. "ಯಾರೂ ನೋಡ್ದೆ ಇದ್ದಾಗ ನಡೀತಾನೆ. ನೋಡಿದ್ರೆ ಬಿದ್ಕೋತಾನೆ." ಈ ಕಾನೂನು ಅವಳಿಗೆ ಯಾರು ಹೇಳಿಕೊಟ್ಟರು ಗೊತ್ತಿಲ್ಲ. ಮನೆಯಲ್ಲಿ ಕತ್ತಣ್ಣ ಒಮ್ಮೊಮ್ಮೆ ಬಿಟ್ಟ ಜಾಗದಲ್ಲಿ ಇರುತ್ತಿರಲಿಲ್ಲ, ಅದರಿಂದ ಬಂದಿರಬೇಕು. ನನಗೆ ಅನುಕೂಲವೇ ಆಯಿತು. ಜನರಿರುವ ಪುಟದಲ್ಲಿ ಅವನು ಬರೀ ಬಟ್ಟೆ. ಜನರಿಲ್ಲದ ಪುಟದಲ್ಲಿ ಪ್ರಯಾಣಿಕ.

ಬರೆಯುತ್ತಾ ಬರೆಯುತ್ತಾ ಕೆಲವು ವಿಷಯ ಕೈಗೆ ಗೊತ್ತಾದವು. ಗುಂಡಿಯ ಕಣ್ಣಿಗೆ ರೆಪ್ಪೆಯಿಲ್ಲ, ಅದು ಅಳುವುದೂ ಇಲ್ಲ ನಗುವುದೂ ಇಲ್ಲ. ಭಾವನೆಯೆಲ್ಲ ಮೈ ವಾಲುವುದರಲ್ಲೇ ಬರಬೇಕು. ತಲೆ ಒಂದು ಬೆರಳಿನಷ್ಟು ಕೆಳಗೆ ಬಂದರೆ ಸುಸ್ತು, ಕಿವಿ ನಿಂತರೆ ಹೆದರಿಕೆ. ಒಂದು ಪುಟದಲ್ಲಿ ಬಾಯಿ ಬರೆದು ನಗಿಸಿದೆ. ಮಗಳಿಗೆ ಅದು ಸರಿ ಕಾಣಲಿಲ್ಲ. "ಅವನಿಗೆ ಬಾಯಿ ಇಲ್ಲ" ಅಂದಳು. ನಿಜ, ಹೊಲಿದವರು ಬಾಯಿ ಹಾಕಿರಲಿಲ್ಲ. ಎರಡು ವರ್ಷ ಮನೆಯಲ್ಲಿದ್ದವನಿಗೆ ಬಾಯಿ ಇಲ್ಲದ್ದು ನನ್ನ ಗಮನಕ್ಕೇ ಬಂದಿರಲಿಲ್ಲ. ಇನ್ನೊಂದು, ಎತ್ತರ. ನಾನು ಬಸ್ಸನ್ನು ನಾನು ನೋಡುವ ಎತ್ತರದಿಂದ ಬರೆಯುತ್ತಿದ್ದೆ. ಕತ್ತಣ್ಣನ ಎತ್ತರ ಒಂದು ಗೇಣು. ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ ನೋಡಿದೆ. ಮನುಷ್ಯರು ಅಂದರೆ ಚಪ್ಪಲಿ, ಪ್ಯಾಂಟಿನ ತುದಿ, ಹಿಮ್ಮಡಿ. ಮುಖಗಳು ಆಕಾಶದಲ್ಲಿ. ಆ ಪುಟಗಳು ಮಾತ್ರ ಪುಸ್ತಕದಲ್ಲಿ ನಿಜಕ್ಕೂ ಚೆನ್ನಾಗಿ ಬಂದಿವೆ. ಚಪ್ಪಲಿ ಬರೆಯುವುದು ಮುಖ ಬರೆಯುವುದಕ್ಕಿಂತ ಸುಲಭ ಅನ್ನುವುದೂ ಒಂದು ಕಾರಣ.

ದಿಕ್ಕಿನ ವಿಷಯವನ್ನು ಒಂದು ಪುಸ್ತಕದಿಂದ ಕಲಿತೆ. ನಾವು ಎಡದಿಂದ ಬಲಕ್ಕೆ ಓದುತ್ತೇವೆ, ಪುಟವೂ ಆ ಕಡೆಗೇ ತಿರುಗುತ್ತದೆ. ಹಾಗಾಗಿ ಬಲಕ್ಕೆ ಮುಖ ಮಾಡಿದವನು ಹೊರಟಂತೆ ಕಾಣುತ್ತಾನೆ. ಎಡಕ್ಕೆ ಮುಖ ಮಾಡಿದವನು ವಾಪಸ್ಸು ಬರುತ್ತಿರುವಂತೆ, ಇಲ್ಲವೇ ಯಾವುದೋ ಅಡ್ಡಿಗೆ ಎದುರಾದಂತೆ ಕಾಣುತ್ತಾನೆ. ಬಲದಿಂದ ಎಡಕ್ಕೆ ಓದುವ ಉರ್ದು, ಅರಬ್ಬಿ ಪುಸ್ತಕಗಳಲ್ಲಿ ಈ ಲೆಕ್ಕ ತಿರುಗುಮುರುಗು. ನಾನು ತಿಳಿಯದೆಯೇ ಮೊದಲೆರಡು ಪುಟದಲ್ಲಿ ಕತ್ತಣ್ಣನನ್ನು ಎಡಕ್ಕೆ ಮುಖ ಮಾಡಿಸಿದ್ದೆ. ಹೊರಡುವ ಮೊದಲೇ ಹಿಂತಿರುಗುತ್ತಿದ್ದಾನೆ ಅನ್ನಿಸುತ್ತಿತ್ತು. ತಿದ್ದಿದೆ.

ಇದೇ ದಿನಗಳಲ್ಲಿ ಅವಳಿಗೆ ಬಾತುಕೋಳಿಗಳ ಕಥೆ ಹೇಳಿದೆ. ಇದು ಕಟ್ಟಿದ್ದಲ್ಲ, ನಡೆದದ್ದು. 1992ರ ಜನವರಿಯಲ್ಲಿ ಹಾಂಗ್ ಕಾಂಗ್‌ನಿಂದ ಅಮೆರಿಕಕ್ಕೆ ಹೊರಟ ಹಡಗಿನಿಂದ ಬಿರುಗಾಳಿಗೆ ಕೆಲವು ಕಂಟೇನರ್‌ಗಳು ಪೆಸಿಫಿಕ್ ಸಾಗರಕ್ಕೆ ಬಿದ್ದವು. ಒಂದರಲ್ಲಿ 28,800 ಪ್ಲಾಸ್ಟಿಕ್ ಗೊಂಬೆಗಳಿದ್ದವು. ಹಳದಿ ಬಾತುಕೋಳಿ, ಕೆಂಪು ಬೀವರ್, ನೀಲಿ ಆಮೆ, ಹಸಿರು ಕಪ್ಪೆ. ರಟ್ಟಿನ ಪೊಟ್ಟಣ ಉಪ್ಪುನೀರಿಗೆ ಕರಗಿತು, ಗೊಂಬೆಗಳು ತೇಲಿಕೊಂಡು ಹೊರಟವು. ಹತ್ತು ತಿಂಗಳ ಮೇಲೆ, ಸುಮಾರು 3,200 ಕಿಲೋಮೀಟರ್ ದಾಟಿ, ಮೊದಲ ಕೆಲವು ಅಲಾಸ್ಕಾದ ಸಿಟ್ಕಾ ಹತ್ತಿರ ದಡ ಸೇರಿದವು. ಕರ್ಟಿಸ್ ಎಬ್ಬೆಸ್ಮೇಯರ್ ಅನ್ನುವ ಸಾಗರ ವಿಜ್ಞಾನಿ ಅವು ಎಲ್ಲೆಲ್ಲಿ ಸಿಕ್ಕವು ಅಂತ ಕಡಲತೀರದ ಜನರಿಂದ ಕೇಳಿ ತಿಳಿದು, ಸಮುದ್ರದ ಪ್ರವಾಹಗಳು ಹೇಗೆ ಸುತ್ತುತ್ತವೆ ಅನ್ನುವುದನ್ನು ತಾಳೆ ನೋಡಿದ. ಬಿಸಿಲಿಗೆ ಬಾತುಕೋಳಿಗಳ ಹಳದಿ ಹೋಗಿ ಬಿಳಿಯಾಗಿತ್ತಂತೆ. ಆಮೆ, ಕಪ್ಪೆಗಳ ಬಣ್ಣ ಉಳಿದಿತ್ತು.

ಇದಕ್ಕಿಂತ ದೊಡ್ಡ ಸಾಹಸ ಯಾವ ಗೊಂಬೆಗೆ ಸಿಕ್ಕೀತು? ಅವಳು ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಗಂಭೀರವಾಗಿ ಕೇಳಿದಳು.

"ಅವು ಯಾರ್ದು?"

"ಯಾರದ್ದೂ ಅಲ್ಲ. ಇನ್ನೂ ಯಾರೂ ತಗೊಂಡಿರಲಿಲ್ಲ."

"ಹಾಗಾದ್ರೆ ಅವು ಕಳೆದಿಲ್ಲ."

ಅಷ್ಟು ಹೇಳಿ ಬೇರೆ ಆಟಕ್ಕೆ ಹೋದಳು. 28,800 ಗೊಂಬೆಗಳನ್ನು ಒಂದೇ ಮಾತಲ್ಲಿ ಪಕ್ಕಕ್ಕಿಟ್ಟಳು. ನಾನು ಅಲ್ಲೇ ಕೂತಿದ್ದೆ. ನನ್ನ ಪುಸ್ತಕದಲ್ಲಿ ಅದುವರೆಗೆ ಸಾಹಸವೇ ತುಂಬಿತ್ತು. ಕತ್ತಣ್ಣ ನಾಯಿಯ ಬಾಯಲ್ಲಿ, ಕತ್ತಣ್ಣ ಮೋರಿಯಲ್ಲಿ, ಕತ್ತಣ್ಣ ಬುಟ್ಟಿಯ ಮೇಲೆ. ಅವನಿಗಾಗಿ ಕಾಯುವ ಹುಡುಗಿ ಐದನೆಯ ಜೋಡಿಯ ಹೊತ್ತಿಗೆ ಮಾಯವಾಗಿದ್ದಳು. ಮತ್ತೆ ಬಿಚ್ಚಿ, ಪ್ರತಿ ಜೋಡಿಯಲ್ಲೂ ಒಂದು ಕಿಟಕಿ ಸೇರಿಸಿದೆ. ದೂರದಲ್ಲಿ, ಉಗುರಿನಷ್ಟು ಸಣ್ಣದು, ಒಳಗೆ ದೀಪ. ಕತ್ತಣ್ಣನಿಗೆ ಅದು ಕಾಣುವುದಿಲ್ಲ. ಮಗಳಿಗೆ ಕಾಣುತ್ತಿತ್ತು.

ಉಳಿದದ್ದು ಕೊನೆಯ ಪುಟ. ಅದು ನನ್ನನ್ನು ಕಾಡಿದಷ್ಟು ಉಳಿದ 31 ಸೇರಿ ಕಾಡಲಿಲ್ಲ.

ಮೊದಲು ನಾನು ಬರೆದದ್ದು ದೊಡ್ಡವರಿಗೆ ಪ್ರಿಯವಾದ ಕೊನೆ. ಕತ್ತಣ್ಣ ಇನ್ನೊಂದು ಮಗುವಿಗೆ ಸಿಗುತ್ತಾನೆ. ಜ್ವರ ಬಂದು ಮಲಗಿದ ಮಗು, ಒಂಟಿ ಮಗು. ಅದರ ಮುಖದಲ್ಲಿ ನಗು. ಹಂಚಿಕೊಳ್ಳುವುದು ಒಳ್ಳೆಯದು ಅಂತ ಹೇಳದೆಯೇ ಹೇಳಿದ ಹಾಗಾಯಿತು ಅಂದುಕೊಂಡು ಎರಡು ರಾತ್ರಿ ಕೂತು ಬಣ್ಣ ತುಂಬಿದೆ. ಮಗಳು ನೋಡಿದಳು. "ಇವಳು ಯಾರು?" ಅಂದಳು. ಅವಳಿಗೂ ಒಬ್ಬ ಸ್ನೇಹಿತ ಬೇಕಿತ್ತು ಅಂದೆ. "ನಾನು ಪುಟ್ಟಿಯವನು ಅಂತ ಅವನು ಹೇಳ್ಲಿಲ್ವಾ?" ನನ್ನ ಬಳಿ ಉತ್ತರವಿರಲಿಲ್ಲ. ಅವನಿಗೆ ಬಾಯಿಲ್ಲ ಅನ್ನಬಹುದಿತ್ತು, ಅನ್ನಲಿಲ್ಲ. ಅವಳು ಹಾಳೆಯನ್ನು ನಿಧಾನವಾಗಿ, ಹೊಲಿಗೆಯ ಉದ್ದಕ್ಕೂ ಹರಿದಳು. ಬೈಯಲು ಬಾಯಿ ಬರಲಿಲ್ಲ. ತನ್ನ ವಸ್ತು ಕಳೆದುಕೊಂಡವಳಿಗೆ ಉದಾರವಾಗಿರು ಅಂತ ಉಪದೇಶಿಸುವುದು ಎಷ್ಟು ಒರಟು ಕೆಲಸ ಅಂತ ಬಣ್ಣ ತುಂಬುವಾಗ ಹೊಳೆದಿರಲಿಲ್ಲ.

ಎರಡನೆಯ ಕೊನೆಯಲ್ಲಿ ಕತ್ತಣ್ಣ ಮನೆಗೆ ಬಂದ. ಬಾಗಿಲ ಮುಂದೆ, ಮೈಯೆಲ್ಲ ಕೆಸರು, ಒಂದು ಕಿವಿ ಹರಿದು. ಕಳೆದು ಸಿಕ್ಕ ಗೊಂಬೆಯ ಮೈಮೇಲೆ ಏನಾದರೂ ಗುರುತು ಇರಲೇಬೇಕು ಅಂತ ನನಗೆ ಅನ್ನಿಸುತ್ತದೆ. ಹೋದ ಹಾಗೇ ಬಂದರೆ ಅದು ಹೋಗಿಯೇ ಇರಲಿಲ್ಲ. ಮಗಳು ತುಂಬ ಹೊತ್ತು ನೋಡಿದಳು. ದಿಂಬಿನ ಪಕ್ಕ ನೋಡಿದಳು. "ಆದ್ರೆ ಬಂದಿಲ್ವಲ್ಲ" ಅಂದಳು. ಅಳಲಿಲ್ಲ, ಸಿಟ್ಟಾಗಲಿಲ್ಲ. ನಾನೇನೋ ಲೆಕ್ಕ ತಪ್ಪಿದ್ದೇನೆ ಅನ್ನುವ ಹಾಗೆ ಹೇಳಿದಳು.

ಪುಸ್ತಕದಲ್ಲಾದರೂ ಬರಲಿ ಅಂತ ವಾದಿಸಬಹುದು. ವಿನ್ನಿ-ದ-ಪೂ ಎಂಬ ಇಂಗ್ಲಿಷ್ ಮಕ್ಕಳ ಕಥೆಗಳಿಗೆ ಮೂಲವಾದ ನಿಜವಾದ ಗೊಂಬೆಗಳು ಈಗ ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಗಾಜಿನ ಹಿಂದೆ ಕೂತಿವೆ. ಅಲ್ಲಿ ತಾಯಿ ಕಾಂಗರೂ ಇದೆ, ಮರಿ ಇಲ್ಲ. 1930ರ ದಶಕದಲ್ಲಿ ಸೇಬಿನ ತೋಟವೊಂದರಲ್ಲಿ ಕಳೆದುಹೋಯಿತು. ಪುಸ್ತಕದೊಳಗೆ ಮಾತ್ರ ಆ ಮರಿ ಇಂದಿಗೂ ತಾಯಿಯ ಚೀಲದಲ್ಲಿ ಕುಣಿಯುತ್ತಿದೆ. ಓದುವ ಮಕ್ಕಳಿಗೆ ಏನೂ ಕೊರತೆಯಿಲ್ಲ. ಆದರೆ ಅದು ಅವರ ಮರಿಯಲ್ಲವಲ್ಲ. ನನ್ನ ಪುಸ್ತಕಕ್ಕೆ ಒಬ್ಬಳೇ ಓದುಗಳು, ಅವಳಿಗೆ ದಿಂಬಿನ ಪಕ್ಕದ ಜಾಗ ಕಾಣುತ್ತಿತ್ತು.

ಕೊನೆಗೆ ಅವಳೇ ಹೇಳಿಕೊಟ್ಟಳು. "ಬರ್ತಾ ಇದಾನೆ ಅಂತ ಬರಿ."

"ಯಾವಾಗ ಬರ್ತಾನೆ ಅಂತ ಬರೀಲಿ?"

"ಅದು ಬರೀಬೇಡ."

ಹಾಗಾಗಿ ನಮ್ಮ ಪುಸ್ತಕದ ಕೊನೆಯ ಜೋಡಿ ಪುಟದಲ್ಲಿ ಒಂದು ಉದ್ದದ ರಸ್ತೆ ಇದೆ. ಜನರಿಲ್ಲ. ಕತ್ತಣ್ಣ ಬಲಗಡೆಯ ಅಂಚಿನಲ್ಲಿದ್ದಾನೆ, ಪುಸ್ತಕದಲ್ಲಿ ಮೊದಲ ಸಲ ಎಡಕ್ಕೆ ಮುಖ ಮಾಡಿದ್ದಾನೆ. ಎಡಗಡೆಯ ತುದಿಯಲ್ಲಿ ಉಗುರಿನಷ್ಟು ಕಿಟಕಿ. ನಡುವೆ, ಹೊಲಿಗೆಯ ದಾರ ಹಾದುಹೋಗುವ ಕಡೆ, ಒಂದು ಸೇತುವೆ ಬರೆದೆ. ಅದು ಅಲಂಕಾರಕ್ಕಲ್ಲ, ಆ ಮಡಿಕೆಯಲ್ಲಿ ಬೇರೇನು ಬರೆದರೂ ನುಂಗಿಹೋಗುತ್ತಿತ್ತು.

ಎಷ್ಟು ಸಲ ಓದಿದೆವೋ ಲೆಕ್ಕವಿಲ್ಲ. ಮೊದಲ ತಿಂಗಳು ದಿನಾ, ಕೆಲವು ದಿನ ಎರಡೆರಡು ಸಲ. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಇನ್ಯಾವುದೋ ಡೈನೋಸಾರ್ ಬಂತು. ವಿನ್ನಿಕಾಟ್ ಅದನ್ನೂ ಬರೆದಿಟ್ಟಿದ್ದಾರೆ. ಇಂಥ ಗೊಂಬೆಯನ್ನು ಮಗು ಮರೆಯುವುದೂ ಇಲ್ಲ, ಅದಕ್ಕಾಗಿ ದುಃಖಪಡುವುದೂ ಇಲ್ಲ, ವರ್ಷಗಳು ಹೋದ ಹಾಗೆ ಅದರ ಅರ್ಥ ಮೆಲ್ಲಗೆ ಆರಿಹೋಗುತ್ತದೆ ಅಂತ. ಮಕ್ಕಳ ವಿಷಯದಲ್ಲಿ ಅದು ಸರಿಯಿರಬಹುದು. ನಾನು ಈಗಲೂ ಬಸ್ಸು ಹತ್ತಿದರೆ ಕೂರುವ ಮೊದಲು ಸೀಟಿನ ಕೆಳಗೆ ಒಮ್ಮೆ ಬಗ್ಗಿ ನೋಡುತ್ತೇನೆ. ಪಕ್ಕದವರು ಏನು ಬಿತ್ತು ಅಂತ ಕೇಳಿದರೆ ಪೆನ್ನು ಅನ್ನುತ್ತೇನೆ.

ಮಗಳಿಗೆ ಈಗ ಒಂಬತ್ತು. ಮೊನ್ನೆ ಕಪಾಟು ಖಾಲಿ ಮಾಡುವಾಗ ಪುಸ್ತಕ ಸಿಕ್ಕಿತು. ದಾರ ಸಡಿಲವಾಗಿದೆ, ಹರಿದ ಹಾಳೆಯ ಅಂಚು ಇನ್ನೂ ಹೊಲಿಗೆಯಲ್ಲಿ ಸಿಕ್ಕಿಕೊಂಡಿದೆ. ನೆಲದ ಮೇಲೆ ಕೂತು ಒಂದೊಂದೇ ಪುಟ ತಿರುಗಿಸಿದಳು. ಚಪ್ಪಲಿಗಳ ಪುಟ ನೋಡಿ ನಕ್ಕಳು. ಕೊನೆಯ ಪುಟದಲ್ಲಿ ಸ್ವಲ್ಪ ಹೊತ್ತು ನಿಂತಳು.

"ಅಪ್ಪಾ, ಇದು ಕುದುರೆ ಅಲ್ವಾ? ಜೂಲು ಇದೆಯಲ್ಲ."

"ಅಲ್ಲ" ಅಂದೆ. "ಕತ್ತೆ."